ಪೆಟ್ರೋಲಿನಿಂದ ವಿದ್ಯುತ್ತಿಗೆ: ಮೈಸೂರಿನ ರಸ್ತೆಗಳ ಒಂದು ಚರಿತ್ರೆ

ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತಿನ ಉತ್ಪಾದನೆಯು ಮೋಟಾರು ವಾಹನಗಳ ಬಳಕೆ ಸಾಮಾನ್ಯವಾಗುವುದಕ್ಕಿಂತ ಎಷ್ಟೋ ಮೊದಲೇ ಆರಂಭವಾಗಿತ್ತೆಂಬುದು, ಪೆಟ್ರೋಲ್ ಕಾರುಗಳಿಂದ ವಿದ್ಯುತ್ ಕಾರುಗಳ ಕಡೆಗೆ ಹೊರಳುತ್ತಿರುವ ಇಂದಿನ ಮೈಸೂರು ನಗರದ ಸಂಚಾರ ಚರಿತ್ರೆಯನ್ನು ಬರೆಯುವವರು ಮೊದಲಿಗೆ ಗಮನಿಸಬೇಕಾದ ಸಂಗತಿ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಶಿವನಸಮುದ್ರದ ಜಲವಿದ್ಯುತ್ ಯೋಜನೆಯು 1902ರಲ್ಲಿ ಕಾರ್ಯಾರಂಭ ಮಾಡಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಶಕ್ತಿಯನ್ನು ಮುಟ್ಟಿಸಿತು. 1905ರಲ್ಲಿ ಬೆಂಗಳೂರಿಗೂ 1908ರಲ್ಲಿ ಮೈಸೂರಿಗೂ ವಿದ್ಯುದ್ದೀಪಗಳು ಬಂದವು. ಆಗ ಊರಿನ ಸಂಚಾರವೆಲ್ಲ ಎತ್ತಿನ ಗಾಡಿ, ಜಟಕಾ, ಟಾಂಗಾಗಳನ್ನು ನಂಬಿಕೊಂಡಿದ್ದು, ಸಾರೋಟು ಅರಮನೆಯವರಿಗೂ ಉಳ್ಳವರಿಗೂ ಮೀಸಲಾಗಿತ್ತು.

ಕಾವೇರಿಯ ವಿದ್ಯುತ್ತು ಮನೆಯ ದೀಪಕ್ಕೂ ಗಣಿಯ ಯಂತ್ರಕ್ಕೂ ಒದಗಿದರೂ ರಸ್ತೆಯ ಚಕ್ರಕ್ಕೆ ಒದಗಲಿಲ್ಲ. ಇದಕ್ಕೆ ಕಾರಣ ವಿದ್ಯುತ್ತಿನ ಕೊರತೆಯಲ್ಲ, ಅದನ್ನು ಕೂಡಿಟ್ಟು ಒಯ್ಯುವ ಸಾಧನದ ಕೊರತೆ. 1900ರ ಸುಮಾರಿಗೆ ಅಮೆರಿಕದಲ್ಲಿ ತಯಾರಾಗುತ್ತಿದ್ದ ಕಾರುಗಳಲ್ಲಿ ಮೂರರಲ್ಲೊಂದು ಪಾಲಿನಷ್ಟು ವಿದ್ಯುತ್ತಿನವೇ ಆಗಿದ್ದವು. ಆದರೆ ಸೀಸದ ಫಲಕಗಳನ್ನು ಆಮ್ಲದಲ್ಲಿ ಮುಳುಗಿಸಿ ಮಾಡುತ್ತಿದ್ದ ಅಂದಿನ ಬ್ಯಾಟರಿಯು ತನ್ನ ತೂಕಕ್ಕೆ ತಕ್ಕ ದೂರವನ್ನು ಕೊಡುತ್ತಿರಲಿಲ್ಲ. 1912ರಲ್ಲಿ, ಕೈಯಿಂದ ಹ್ಯಾಂಡಲ್ ತಿರುಗಿಸುವ ಕಷ್ಟವನ್ನು ತಪ್ಪಿಸುವ ವಿದ್ಯುತ್ ಸ್ಟಾರ್ಟರ್ ಪೆಟ್ರೋಲ್ ಕಾರಿಗೆ ಬಂದ ಮೇಲೆ, ವಿದ್ಯುತ್ ಕಾರಿನ ಮುಖ್ಯ ಅನುಕೂಲವೊಂದು ಎದುರಾಳಿಯ ಪಾಲಾಯಿತು. ಹೀಗೆ ಮೈಸೂರಿನ ಮೋಟಾರು ಯುಗವು ಪೆಟ್ರೋಲಿನ ಯುಗವಾಗಿಯೇ ಮೊದಲಾಯಿತು. ಆ ಯುಗದೊಳಗೂ ಇಂಧನ ಒಂದೇ ಆಗಿ ಉಳಿಯಲಿಲ್ಲವೆಂಬುದಕ್ಕೆ, ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಇದ್ದಿಲನ್ನು ಸುಟ್ಟು ಅದರ ಅನಿಲದಿಂದ ಓಡಿಸುತ್ತಿದ್ದ ಬಸ್ಸುಗಳೇ ಸಾಕ್ಷಿ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನದ ಸರ್ಕಾರವು 120 ಬಸ್ಸುಗಳೊಂದಿಗೆ ಸ್ವಂತ ರಸ್ತೆ ಸಾರಿಗೆ ಇಲಾಖೆಯನ್ನು ತೆರೆಯಿತು, ಇಂದಿನ ಕೆ.ಎಸ್.ಆರ್.ಟಿ.ಸಿ.ಯ ಮೂಲ ಅದೇ.

ಮೈಸೂರು ನಗರವು ವಾಹನವನ್ನು ಕೊಳ್ಳುವ ಊರಾಗಿದ್ದದ್ದು ತಯಾರಿಸುವ ಊರೂ ಆದದ್ದು ಐಡಿಯಲ್ ಜಾವಾ ಕಾರ್ಖಾನೆಯಿಂದ. ಫರೂಕ್ ಇರಾನಿಯವರು 1960ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯು ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ ಯಾದವಗಿರಿಯಲ್ಲಿ ಮೋಟಾರ್ ಸೈಕಲ್‌ಗಳನ್ನು ತಯಾರಿಸಿ, 1970ರ ದಶಕದಿಂದ ಅವನ್ನು ಯೆಜ್ಡಿ ಎಂಬ ಹೆಸರಿನಲ್ಲಿ ಮಾರಿತು. ಅವುಗಳ ಎಂಜಿನ್ ಟೂ ಸ್ಟ್ರೋಕ್ ಬಗೆಯದು, ಎಂದರೆ ಪಿಸ್ಟನ್ ಒಮ್ಮೆ ಮೇಲೇರಿ ಕೆಳಗಿಳಿಯುವಷ್ಟರಲ್ಲಿ ಶಕ್ತಿಯ ಒಂದು ಆವರ್ತ ಮುಗಿಯುವಂಥದು. ಪೆಟ್ರೋಲಿನೊಂದಿಗೆ ಆಯಿಲ್ ಬೆರೆಸಿಯೇ ಹಾಕಬೇಕಾಗಿದ್ದುದರಿಂದ ಆ ಎಣ್ಣೆಯೂ ಉರಿದು ನೀಲಿ ಹೊಗೆಯಾಗಿ ಹೊರಬರುತ್ತಿತ್ತು. ಕಿಕ್ ಹೊಡೆಯುವ ಕೋಲೇ ಗೇರ್ ಬದಲಿಸುವ ಕೋಲೂ ಆಗುವ ಅದರ ರಚನೆ ಎಷ್ಟು ಸರಳವೂ ಗಟ್ಟಿಯೂ ಆಗಿತ್ತೆಂದರೆ, ಯಾವ ಕಾಲೇಜಿನ ಮೆಟ್ಟಿಲನ್ನೂ ಹತ್ತದ ಹುಡುಗರು ಗ್ಯಾರೇಜುಗಳಲ್ಲಿ ಹಿರಿಯರ ಕೈಕೆಳಗೆ ಕಾರ್ಬ್ಯುರೇಟರ್ ಬಿಚ್ಚಿ ಕೂಡಿಸುತ್ತ, ಶಬ್ದದಿಂದಲೇ ದೋಷವನ್ನು ಗುರುತಿಸುತ್ತ ಪಳಗಿದ ಮೆಕ್ಯಾನಿಕ್‌ಗಳಾದರು. ಈ ಕೈಗಾರಿಕಾ ವಿದ್ಯೆಯನ್ನು ಮೈಸೂರಿನ ರೇಷ್ಮೆ, ಗಂಧ, ಅಗರಬತ್ತಿಗಳ ಸಾಲಿನಲ್ಲಿ ನಮ್ಮ ಇತಿಹಾಸಕಾರರು ಎಣಿಸದಿರುವುದು ದೊಡ್ಡ ಲೋಪವೇ ಸರಿ. ಹೊಗೆಯ ಮೇಲಿನ ನಿಯಮಗಳು ಬಿಗಿಯಾಗಿ, ಕಡಿಮೆ ಪೆಟ್ರೋಲ್ ಕುಡಿಯುವ ಫೋರ್ ಸ್ಟ್ರೋಕ್ ಬೈಕುಗಳು ಮಾರುಕಟ್ಟೆಯನ್ನು ಹಿಡಿದ ಮೇಲೆ, 1996ರಲ್ಲಿ ಕಾರ್ಖಾನೆಯು ಮುಚ್ಚಿತು.

ಐದು ವರ್ಷಗಳ ಬಳಿಕ, 2001ರಲ್ಲಿ, ಬೆಂಗಳೂರಿನಲ್ಲಿ ಚೇತನ್ ಮೈನಿಯವರ ರೇವಾ ವಿದ್ಯುತ್ ಕಾರು ಮಾರಾಟಕ್ಕೆ ಬಂತು. ಅದರಲ್ಲಿಯೂ ಇದ್ದದ್ದು ಸೀಸ ಮತ್ತು ಆಮ್ಲದ ಬ್ಯಾಟರಿಯೇ. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್ ಓಡುತ್ತಿದ್ದ ಆ ಕಾರು ಸುಮಾರು 140 ಕಿಲೋಮೀಟರ್ ದೂರದ ಮೈಸೂರನ್ನು ಒಂದೇ ಓಟದಲ್ಲಿ ಮುಟ್ಟುವಂತಿರಲಿಲ್ಲ. ಅದು ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿತಾದರೂ, ನೂರು ವರ್ಷ ಹಳೆಯ ತೊಡಕನ್ನು ದಾಟಲು ಲಿಥಿಯಮ್ ಅಯಾನ್ ಬ್ಯಾಟರಿಯೇ ಬರಬೇಕಾಯಿತು. ಹಗುರವಾದ ಲಿಥಿಯಮ್ಮಿನ ಅಯಾನುಗಳು ಒಂದು ಧ್ರುವದಿಂದ ಇನ್ನೊಂದಕ್ಕೆ ಓಡಾಡುವ ಈ ಬ್ಯಾಟರಿಯು ಅದೇ ತೂಕದಲ್ಲಿ ಸೀಸದ ಬ್ಯಾಟರಿಗಿಂತ ಹಲವು ಪಟ್ಟು ಶಕ್ತಿಯನ್ನು ಹಿಡಿದಿಡುತ್ತದೆ. ಪೆಟ್ರೋಲ್ ಕಾರು ಮತ್ತು ವಿದ್ಯುತ್ ಕಾರುಗಳ ನಡುವಿನ ಮೆಟ್ಟಿಲಾಗಿ ಬಂದದ್ದು ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರುಗಳೆರಡನ್ನೂ ಹೊತ್ತು, ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯ ಒಂದು ಭಾಗವನ್ನು ಬ್ಯಾಟರಿಗೆ ಮರಳಿಸುವ ಕಾರು. ಮೈಸೂರು ರಸ್ತೆಯ ಬಿಡದಿಯಲ್ಲಿಯೇ ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆಯು 2013ರಿಂದ ಅಂಥ ಕಾರುಗಳನ್ನು ಜೋಡಿಸುತ್ತಿದೆ.

ವಿದ್ಯುತ್ ವಾಹನಗಳಿಗಾಗಿ ಪ್ರತ್ಯೇಕ ನೀತಿಯನ್ನು ದೇಶದಲ್ಲಿಯೇ ಮೊದಲು ರೂಪಿಸಿದ ರಾಜ್ಯ ಕರ್ನಾಟಕ. ಅದು 2017ರ ಮಾತು. 2023ರಲ್ಲಿ ಕೆ.ಎಸ್.ಆರ್.ಟಿ.ಸಿ.ಯು ತನ್ನ ಮೊದಲ ಅಂತರನಗರ ವಿದ್ಯುತ್ ಬಸ್ಸನ್ನು ಬೆಂಗಳೂರು ಮತ್ತು ಮೈಸೂರುಗಳ ನಡುವೆ ಓಡಿಸಿತು. ಆದರೂ ಮನೆಯ ಮುಂದೆ ಜಾಗವುಳ್ಳವರಿಗೆ ಸುಲಭವಾದ ಈ ಬದಲಾವಣೆಯು, ಅಗ್ರಹಾರದ ಅಥವಾ ಮಂಡಿ ಮೊಹಲ್ಲಾದ ಇಕ್ಕಟ್ಟಾದ ಗಲ್ಲಿಗಳಲ್ಲಿ ಬಾಡಿಗೆಗೆ ಇರುವವರಿಗೆ ಅಷ್ಟು ಸುಲಭವಲ್ಲ. ಬೀದಿಬದಿಯಲ್ಲಿ ನಿಲ್ಲುವ ವಾಹನಕ್ಕೆ ಮನೆಯ ಪ್ಲಗ್ಗಿನಿಂದ ತಂತಿ ಎಳೆಯಲಾಗದು. ಇಂಥ ಮೊಹಲ್ಲಾಗಳಿಗೆ ಚಾರ್ಜಿಂಗ್ ಸೌಲಭ್ಯವನ್ನು ಒದಗಿಸುವುದು ಕಾರುಗಳ ಮಾರಾಟಕ್ಕಿಂತ ಮೊದಲು ಆಗಬೇಕಾದ ಕೆಲಸ.

ಕ್ಲಚ್, ಸೈಲೆನ್ಸರ್, ಸ್ಪಾರ್ಕ್ ಪ್ಲಗ್, ಎಂಜಿನ್ ಆಯಿಲ್ ಯಾವುದೂ ಬೇಡದ ಕಾರು ಬಂದಾಗ ಅವುಗಳನ್ನೇ ನಂಬಿದ ಗ್ಯಾರೇಜುಗಳ ಬದುಕು ಅಲುಗಾಡುವುದು ಸಹಜ. ಗ್ಯಾರೇಜಿನವರಿಗೆ ಬ್ಯಾಟರಿ ಮತ್ತು ಮೋಟಾರುಗಳ ತರಬೇತಿಯನ್ನು ನಗರದ ಐ.ಟಿ.ಐ.ಗಳು ಕೊಡಲಿ, ಜಾವಾ ಕಾಲದ ಮೆಕ್ಯಾನಿಕ್‌ಗಳು ಬದುಕಿರುವಾಗಲೇ ಅವರ ಅನುಭವವನ್ನು ಮೈಸೂರಿನ ಚರಿತ್ರೆಯ ವಿದ್ಯಾರ್ಥಿಗಳು ಕೇಳಿ ಬರೆದಿಡಲಿ.