ತಾಜ್ ಕಡೆಗೇ ತಿರುಗಿದ ಕ್ಯಾಮೆರಾ



ಮೊನ್ನೆ ‘ಹೋಟೆಲ್ ಮುಂಬೈ’ (2018) ಮತ್ತೆ ನೋಡಿದೆ. ಚೆನ್ನಾಗೇ ಮಾಡಿದ್ದಾರೆ, ಎದೆ ಝಲ್ ಅನ್ನುತ್ತೆ. ಆದ್ರೆ ಕತೆ ಹೆಚ್ಚೂಕಮ್ಮಿ ಪೂರ್ತಿ ತಾಜ್ ಹೋಟೆಲಿನ ಒಳಗೇ.

2008ರ ನವೆಂಬರ್ 26ರ ದಾಳಿಯಲ್ಲಿ ಸತ್ತವರು 166 ಮಂದಿ. ಅದರಲ್ಲಿ 50ಕ್ಕೂ ಹೆಚ್ಚು ಜನ ಸತ್ತಿದ್ದು ಸಿಎಸ್‌ಟಿ ರೈಲ್ವೆ ನಿಲ್ದಾಣದಲ್ಲಿ. ಬೇರೆ ಯಾವ ಜಾಗದಲ್ಲೂ ಅಷ್ಟು ಹೆಣ ಬೀಳಲಿಲ್ಲ. ಗಂಟುಮೂಟೆ ಇಟ್ಕೊಂಡು ರೈಲಿಗೆ ಕಾಯ್ತಾ ಕೂತಿದ್ದವರು. ದುಡಿಯೋಕೆ ಹೋದ ನಮ್ಮ ಕಲಬುರಗಿ ಕಡೆಯವರು ಊರಿಗೆ ಬರೋಕೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತೋದೂ ಅಲ್ಲೇ. ಅನೌನ್ಸರ್ ವಿಷ್ಣು ಝೇಂಡೆ ಮೈಕ್‌ನಲ್ಲಿ ಎಚ್ಚರಿಸದೇ ಇದ್ದಿದ್ರೆ ಇನ್ನೆಷ್ಟು ಜನ ಹೋಗ್ತಿದ್ರೋ.

2009ರ ಸಾಕ್ಷ್ಯಚಿತ್ರ ‘ಟೆರರ್ ಇನ್ ಮುಂಬೈ’ನಲ್ಲಿ ಪಾಕಿಸ್ತಾನದಿಂದ ಬಂದ ಫೋನ್ ಆದೇಶಗಳು ಕೇಳಿಸುತ್ತವೆ: ತಾಜ್‌ಗೆ ಬೆಂಕಿ ಹಚ್ಚಿ, ಉರಿ ಕಂಡ್ರೇ ಜನ ಹೆದರ್ತಾರೆ ಅಂತ. ಕ್ಯಾಮೆರಾ ಎಲ್ಲಿ ನಿಲ್ಲುತ್ತೆ ಅನ್ನೋದು ಕೊಲೆಗಾರರಿಗೆ ಗೊತ್ತಿತ್ತು. ಹತ್ತು ವರ್ಷ ಆದ್ಮೇಲೂ ಸಿನಿಮಾ ಅಲ್ಲೇ ನಿಂತಿತ್ತು.

ಅದೇ ಮುಂಬೈನ ರಮಾಬಾಯಿ ನಗರದಲ್ಲಿ 1997ರ ಜುಲೈ 11ರಂದು ಬಾಬಾಸಾಹೇಬರ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ರು. ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿದ್ರು. 10 ಜನ ಸತ್ತರು. ಅದನ್ನ ಭಯೋತ್ಪಾದನೆ ಅಂತ ಯಾರು ಕರೆದ್ರು? ಆನಂದ ಪಟವರ್ಧನ್ 14 ವರ್ಷ ಚಿತ್ರೀಕರಿಸಿ ‘ಜೈ ಭೀಮ್ ಕಾಮ್ರೇಡ್’ ಮಾಡಿದರು. ಅಲ್ಲಿ ಸತ್ತವರು ಬರೀ ಲೆಕ್ಕ ಅಲ್ಲ. ಅವರಿಗೆ ಮನೆ ಇದೆ, ಹಾಡಿದೆ, ಸಿಟ್ಟಿದೆ.

ತಾಜ್‌ನಲ್ಲಿ ಸತ್ತವರ ನೋವು ಕಮ್ಮಿ ಅಂತಿಲ್ಲ ನಾನು. ಅತಿಥಿಗಳನ್ನ ಕಾಪಾಡೋಕೆ ಹೋಗಿ ಜೀವ ಬಿಟ್ಟ ಅಲ್ಲಿನ ನೌಕರರೂ ದುಡಿದು ತಿನ್ನೋ ಜನಾನೇ. ಕೇಳೋದು ಇಷ್ಟೇ: ನಿಲ್ದಾಣದ ನೆಲದ ಮೇಲೆ ಸತ್ತವರಿಗೂ ಒಂದು ಮುಖ, ಒಂದು ಹೆಸರು ಕೊಡಿ.