ಯಾರ ಹೊಗೆ ಎಷ್ಟು? ಒಂದು ಲೆಕ್ಕದ ಕಥೆ

ಕಳೆದ ಬೇಸಿಗೆಯಲ್ಲಿ ನಮ್ಮ ಸೊಸೈಟಿಯಲ್ಲಿ ಟ್ಯಾಂಕರ್ ನೀರಿನ ಬಿಲ್ ಹಂಚುವಾಗ ದೊಡ್ಡ ಜಗಳವೇ ಆಯಿತು. ಮನೆಗೆ ಇಷ್ಟು ಎಂದು ಹಂಚುವುದೇ, ತಲೆಗೆ ಇಷ್ಟು ಎಂದೇ, ಅಥವಾ ಇಷ್ಟು ವರ್ಷ ಪೈಪ್ ಹಿಡಿದು ಕಾರು ತೊಳೆದವರು ಹೆಚ್ಚು ಕೊಡಬೇಕೇ? ನೀರು ಅದೇ, ಬಿಲ್ಲೂ ಅದೇ. ಆದರೆ ಲೆಕ್ಕದ ರೀತಿ ಬದಲಾದಂತೆ ತಪ್ಪಿತಸ್ಥರೂ ಬದಲಾಗುತ್ತಿದ್ದರು! ಇದೇ ಜಗಳ ಜಗತ್ತಿನ ಮಟ್ಟದಲ್ಲಿ ಮೂವತ್ತು ವರ್ಷಗಳ ಹಿಂದೆಯೇ ಶುರುವಾಗಿತ್ತು.

1990ರಲ್ಲಿ ವಾಷಿಂಗ್ಟನ್‌ನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಭೂಮಿಯನ್ನು ಬಿಸಿ ಮಾಡುತ್ತಿರುವ ದೇಶಗಳ ಪಟ್ಟಿ ಪ್ರಕಟಿಸಿತು. ಅಮೆರಿಕದ ಜೊತೆಗೆ ಬ್ರೆಜಿಲ್, ಚೀನಾ, ಭಾರತ ಕೂಡ ಮೊದಲ ಐದು ಸ್ಥಾನಗಳಲ್ಲಿದ್ದವು. ಎಷ್ಟೋ ಹಳ್ಳಿಗಳಿಗೆ ವಿದ್ಯುತ್ತೇ ತಲುಪದಿದ್ದ ನಮ್ಮ ದೇಶ ದೊಡ್ಡ ಅಪರಾಧಿಗಳ ಸಾಲಿಗೆ ಸೇರಿತ್ತು.

ಇದನ್ನು ಪ್ರಶ್ನಿಸಿದವರು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್‌ವಾಲ್ ಮತ್ತು ಆಗ ಮೂವತ್ತರ ಆಸುಪಾಸಿನಲ್ಲಿದ್ದ ಸುನೀತಾ ನಾರಾಯಣ್. 1991ರಲ್ಲಿ ಅವರಿಬ್ಬರೂ ಹೊರತಂದ ಪುಟ್ಟ ಪುಸ್ತಕ ಎತ್ತಿದ ಪ್ರಶ್ನೆ ಸರಳವಾಗಿತ್ತು: ಸಮುದ್ರ ಮತ್ತು ಕಾಡುಗಳು ಹೀರಿಕೊಳ್ಳುವ ಇಂಗಾಲದಲ್ಲಿ ಯಾರ ಪಾಲು ಎಷ್ಟು? ಅಮೆರಿಕದ ಸಂಸ್ಥೆ, ಹೆಚ್ಚು ಹೊಗೆ ಬಿಟ್ಟವರಿಗೆ ಹೆಚ್ಚು ಪಾಲು ಕೊಟ್ಟಿತ್ತು. ಇವರು ಅದನ್ನೇ ಜನಸಂಖ್ಯೆಗೆ ತಕ್ಕಂತೆ ಹಂಚಿದರು. ಅಂಕಿಗಳು ಅವೇ ಇದ್ದರೂ ಭಾರತ, ಚೀನಾ ತಮ್ಮ ಪಾಲಿನ ಮಿತಿಯೊಳಗೇ ಇದ್ದವು. ಗದ್ದೆ ಉತ್ತು ಹೊಟ್ಟೆ ಹೊರೆಯುವವನಿಂದ ಬರುವ ಅನಿಲವನ್ನೂ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂದೂ ಅವರು ಕೇಳಿದರು.

ಗದ್ದೆಯ ವಿಷಯದಲ್ಲಿ ಮೂಲ ಅಂಕಿಯೇ ಅನುಮಾನದ್ದಾಗಿತ್ತು. ನಮ್ಮ ಭತ್ತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 3.8 ಕೋಟಿ ಟನ್ ಮೀಥೇನ್ ಹೊರಬೀಳುತ್ತದೆಂದು ಅಮೆರಿಕದ ಪರಿಸರ ಸಂಸ್ಥೆಯ ಅಂದಾಜು. 1991ರಲ್ಲಿ ಎ. ಪಿ. ಮಿತ್ರ ಅವರ ನೇತೃತ್ವದಲ್ಲಿ ನಮ್ಮ ವಿಜ್ಞಾನಿಗಳು ಗದ್ದೆಗೇ ಇಳಿದು ಅಳೆದಾಗ ಸಿಕ್ಕಿದ್ದು ಸುಮಾರು 40 ಲಕ್ಷ ಟನ್. ಅಂದರೆ ಹತ್ತರಲ್ಲಿ ಒಂದು ಪಾಲು! ದಿನವಿಡೀ ಡೇಟಾ ನೋಡುವ ನನಗೆ ಈ ಪ್ರಸಂಗ ಬಹಳ ಇಷ್ಟ. ಅಳೆಯದೆ ವಾದಕ್ಕಿಳಿಯಬಾರದು.

1992ರ ರಿಯೋ ಶೃಂಗಸಭೆಯ ಒಪ್ಪಂದದಲ್ಲಿ, ಹೊಣೆ ಎಲ್ಲರದೂ ಹೌದು, ಆದರೆ ಎಲ್ಲರ ಪಾಲೂ ಒಂದೇ ಅಲ್ಲ ಎಂಬ ತತ್ವ ಸೇರಿತು. 1997ರ ಕ್ಯೋಟೋ ಒಪ್ಪಂದ ಅದರಂತೆಯೇ ಶ್ರೀಮಂತ ದೇಶಗಳಿಗೆ ಮಾತ್ರ ಕಡಿತದ ಗುರಿ ಹಾಕಿತು. ಅಮೆರಿಕ ಅದನ್ನು ಅನುಮೋದಿಸಲೇ ಇಲ್ಲ.

ಇಂದಿನ ಲೆಕ್ಕ ನೋಡೋಣ. 2023ರಲ್ಲಿ ಕಲ್ಲಿದ್ದಲು, ತೈಲ, ಅನಿಲ ಮತ್ತು ಸಿಮೆಂಟಿನಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡ್‌ನಲ್ಲಿ ಚೀನಾ ಮೊದಲು (ಸುಮಾರು 1,200 ಕೋಟಿ ಟನ್), ಅಮೆರಿಕ ಎರಡನೆಯದು (ಸುಮಾರು 490 ಕೋಟಿ), ಭಾರತ ಮೂರನೆಯದು (300 ಕೋಟಿಗೂ ಹೆಚ್ಚು). ತಲಾ ಲೆಕ್ಕ ಹಾಕಿದರೆ ಅಮೆರಿಕದವರದು ಸುಮಾರು 14 ಟನ್, ಚೀನಾದವರದು 8, ನಮ್ಮದು ಬರೀ 2. ಈ ಅನಿಲದ ಒಂದು ಭಾಗ ನೂರಾರು ವರ್ಷ ಗಾಳಿಯಲ್ಲೇ ಉಳಿಯುವುದರಿಂದ ಹಳೆಯ ಬಾಕಿಯನ್ನೂ ಕೂಡಿಸಬೇಕು. ಆಗ ಈವರೆಗಿನ ಒಟ್ಟು ಹೊಗೆಯಲ್ಲಿ ಅಮೆರಿಕದ್ದೇ ಸುಮಾರು ಕಾಲು ಭಾಗ. ಭಾರತದ್ದು ನೂರಕ್ಕೆ ಮೂರರ ಆಸುಪಾಸು.

ಹಾಗಾದರೆ ನಾವು ನಿಶ್ಚಿಂತೆಯಿಂದ ಇರಬಹುದೇ? ಗೆಳತಿಯರೇ, ಇಲ್ಲೇ ನನಗೆ ಸ್ವಲ್ಪ ಮುಜುಗರ. 2007ರಲ್ಲಿ ಗ್ರೀನ್‌ಪೀಸ್ ಇಂಡಿಯಾ ಒಂದು ವರದಿ ತಂದಿತು. ಬಡವರ ಹಿಂದೆ ಅಡಗಿಕೊಳ್ಳುವುದು ಎಂಬುದೇ ಅದರ ಹೆಸರಿನ ಅರ್ಥ. ದೇಶದ ಸರಾಸರಿ ಕಡಿಮೆ ಇರುವುದು ಕೋಟ್ಯಂತರ ಬಡವರಿಂದ. ಅದರ ನೆರಳಲ್ಲಿ ಉಳ್ಳವರ ಹೊಗೆ ಕಾಣುವುದಿಲ್ಲ ಎಂಬುದು ಅದರ ಸಾರ. ನಮ್ಮ ಮನೆಯಲ್ಲಿ ಎರಡು ಏಸಿ, ಒಂದು ಕಾರು, ವರ್ಷಕ್ಕೆ ನಾಲ್ಕಾರು ಸಲ ವಿಮಾನ. ಅಡುಗೆಗೆ ಬರುವ ಅಕ್ಕನ ಮನೆಯಲ್ಲಿ ಒಂದು ಫ್ಯಾನು. ಎರಡು ಟನ್ನಿನ ಸರಾಸರಿ ಅವರಿಂದ ಬಂದದ್ದು, ಅದನ್ನು ಹೇಳಿಕೊಳ್ಳುತ್ತಿರುವುದು ನಾನು.

ದೇಶ ದೇಶಗಳ ನಡುವೆ ತಲೆ ಎಣಿಸಿ ನ್ಯಾಯ ಕೇಳಿದ ಆ ಇಬ್ಬರ ವಾದ ಇಂದಿಗೂ ಸರಿ. ಆದರೆ ಅದೇ ಲೆಕ್ಕವನ್ನು ನಮ್ಮ ಮನೆಯ ವಿದ್ಯುತ್ ಬಿಲ್ಲಿಗೂ ಹಚ್ಚಬೇಕಲ್ಲವೇ? ಅಂದ ಹಾಗೆ, ನಮ್ಮ ಸೊಸೈಟಿಯಲ್ಲಿ ಕೊನೆಗೆ ಪ್ರತಿ ಮನೆಗೂ ಮೀಟರ್ ಹಾಕಿಸಿದರು. ಮೊದಲ ತಿಂಗಳ ಬಿಲ್ ನೋಡಿ ಎಲ್ಲರಿಗಿಂತ ಹೆಚ್ಚು ಬೆಚ್ಚಿದವಳು ನಾನೇ.