ಬೇಟೆಯ ಪಿಸ್ತೂಲು: ನಳಿಗೆಯ ಉದ್ದ ಮತ್ತು ಸ್ಕೋಪು

ಭುಜಕ್ಕೆ ಆನಿಸದೆ ಕೈಯಲ್ಲೇ ಹಿಡಿದು ಹಾರಿಸುವ ಪಿಸ್ತೂಲು, ರಿವಾಲ್ವರುಗಳಿಂದ ಜಿಂಕೆಯಂಥ ದೊಡ್ಡ ಪ್ರಾಣಿಗಳನ್ನು ಬೇಟೆಯಾಡುವ ಪದ್ಧತಿ ಮುಖ್ಯವಾಗಿ 20ನೆಯ ಶತಮಾನದ ಅಮೆರಿಕದಲ್ಲಿ ಬೆಳೆಯಿತು. ನಳಿಗೆ ಎಷ್ಟು ಉದ್ದವಿರಬೇಕು, ಅದರ ಮೇಲೆ ಸ್ಕೋಪು, ಅಂದರೆ ಗುರಿಯನ್ನು ಹಿಗ್ಗಿಸಿ ತೋರಿಸುವ ಪುಟ್ಟ ದುರ್ಬೀನು, ಬೇಕೇ ಎಂಬ ಎರಡು ಪ್ರಶ್ನೆಗಳು ಬೇರೆಬೇರೆಯೆಂದು ತೋರಿದರೂ, ಎರಡನೆಯದಕ್ಕೆ ದೊರೆತ ಉತ್ತರವೇ ಮೊದಲನೆಯದರ ಅರ್ಥವನ್ನು ಬದಲಿಸಿತು.

1935ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿ .357 ಮ್ಯಾಗ್ನಮ್ ರಿವಾಲ್ವರನ್ನು ಹೊರತಂದಾಗ ಅದಕ್ಕೆ 8¾ ಅಂಗುಲದವರೆಗಿನ ನಳಿಗೆ ದೊರೆಯುತ್ತಿತ್ತು. ಉದ್ದದಿಂದ ಎರಡು ಲಾಭಗಳಿದ್ದವು: ಮದ್ದು ಉರಿದು ಹುಟ್ಟುವ ಅನಿಲವು ಗುಂಡನ್ನು ಹೆಚ್ಚು ಹೊತ್ತು ತಳ್ಳುತ್ತಿತ್ತು, ಹಿಂದಿನ ಕಚ್ಚಿಗೂ ಮುಂದಿನ ಗುರಿಮೊನೆಗೂ ನಡುವಿನ ಅಂತರ ಹೆಚ್ಚಿ ಗುರಿಯ ತಪ್ಪು ತಗ್ಗುತ್ತಿತ್ತು. ಈ ಅಂತರ 100 ಮಿ.ಮೀ. ಇದ್ದಾಗ ಗುರಿಮೊನೆ 1 ಮಿ.ಮೀ. ವಾಲಿದರೆ 50 ಮೀಟರ್ ದೂರದಲ್ಲಿ ಗುಂಡು ಅರ್ಧ ಮೀಟರ್ ಆಚೆ ಬೀಳುತ್ತದೆ. ಅಂತರ ಇಮ್ಮಡಿಯಾದರೆ ತಪ್ಪು ಅರ್ಧಕ್ಕಿಳಿಯುತ್ತದೆ. ಐಡಹೊದ ಬರಹಗಾರ ಎಲ್ಮರ್ ಕೀತ್‌ನ ಒತ್ತಾಸೆಯಿಂದ 1950ರ ದಶಕದ ನಡುವೆ .44 ಮ್ಯಾಗ್ನಮ್ ತೋಟೆ ಬಂದ ಮೇಲೂ, 1959ರ ರೂಗರ್ ಸೂಪರ್ ಬ್ಲ್ಯಾಕ್‌ಹಾಕ್ 7½ ಅಂಗುಲದ ನಳಿಗೆಯನ್ನೇ ಧರಿಸಿತ್ತು.

ಬಂದೂಕಿನ ಸ್ಕೋಪಿಗೆ ಕಣ್ಣನ್ನು ಮೂರು ನಾಲ್ಕು ಅಂಗುಲದಷ್ಟು ಸಮೀಪ ಒಯ್ಯಬೇಕಾದ್ದರಿಂದ ಚಾಚಿದ ಕೈಯ ಆಯುಧಕ್ಕೆ ಅದು ಒಗ್ಗಲಿಲ್ಲ. ತೋಳಳತೆಯ ದೂರದಿಂದಲೂ ಪೂರ್ಣ ಚಿತ್ರ ಕಾಣುವ ಮಸೂರಗಳು 1960ರ ದಶಕದಲ್ಲಿ ಬಳಕೆಗೆ ಬಂದಾಗ, ಗುರಿಗೆರೆಗಳೂ ಪ್ರಾಣಿಯೂ ಒಂದೇ ಚಿತ್ರದಲ್ಲಿ ಕೂಡಿದ್ದರಿಂದ ಎರಡು ಗುರಿಬಿಂದುಗಳ ನಡುವಿನ ಅಂತರದ ಮಹತ್ವವೇ ಇಲ್ಲವಾಯಿತು. ಕೈನಡುಕವೂ ಹಿಗ್ಗಿ ಕಾಣುವುದರಿಂದ ಎರಡು ಪಟ್ಟಿನಂಥ ಕಡಿಮೆ ವರ್ಧನೆಯೇ ರಿವಾಲ್ವರಿಗೆ ಹೊಂದಿತು. ಪ್ರಾಣಿಯನ್ನು ಗಾಯಗೊಳಿಸಿ ನರಳಲು ಬಿಡದಿರುವುದು ಬೇಟೆಗಾರನ ಮೊದಲ ಹೊಣೆಯಾದ್ದರಿಂದ, ಸ್ಕೋಪಿನ ನಿಜವಾದ ಬೆಲೆ ದೂರ ಹೊಡೆಯುವುದರಲ್ಲಲ್ಲ, ಗುಂಡು ತಾಗಬೇಕಾದ ಎಡೆಯನ್ನು ಸ್ಪಷ್ಟವಾಗಿ ಕಾಣುವುದರಲ್ಲಿದೆ.

ಗುರಿಗಾಗಿ ಉದ್ದ ಬೇಕಿಲ್ಲವಾದ್ದರಿಂದ ನಳಿಗೆಯ ಅಳತೆಯನ್ನು ತೋಟೆಯೇ ನಿರ್ಧರಿಸುವಂತಾಯಿತು. ರೆಮಿಂಗ್ಟನ್ ಎಕ್ಸ್‌ಪಿ-100 (1963) ಮತ್ತು ವಾರೆನ್ ಸೆಂಟರ್ ರೂಪಿಸಿದ ಥಾಂಪ್ಸನ್/ಸೆಂಟರ್ ಕಂಟೆಂಡರ್ (1967) ಒಂಟಿ ಗುಂಡಿನ ಪಿಸ್ತೂಲುಗಳು. ನಳಿಗೆ ಬದಲಿಸಬಹುದಾಗಿದ್ದ ಕಂಟೆಂಡರಿನಲ್ಲಿ ನಿಧಾನವಾಗಿ ಉರಿಯುವ ಮದ್ದು ತುಂಬಿದ ಬಂದೂಕಿನ ತೋಟೆಗಳಿಗೆ 14 ಅಂಗುಲದ ನಳಿಗೆ ಅರ್ಥಪೂರ್ಣವಾಗಿತ್ತು. ಈ ಬದಲಾಯಿಸುವ ಗುಣ ನ್ಯಾಯಾಲಯಕ್ಕೂ ಹೋಯಿತು. ಕಂಟೆಂಡರಿನೊಡನೆ ಭುಜಕ್ಕೆ ಆನಿಸುವ ಹಿಡಿಕಟ್ಟು ಮತ್ತು 21 ಅಂಗುಲದ ನಳಿಗೆ ಸೇರಿಸಿ ಮಾರುವ ಜೋಡಣೆಯನ್ನು, ಆ ಹಿಡಿಕಟ್ಟನ್ನು ಪಿಸ್ತೂಲಿನ ಗಿಡ್ಡ ನಳಿಗೆಯೊಡನೆಯೂ ಜೋಡಿಸಬಹುದಾದ್ದರಿಂದ, ತೆರಿಗೆಗೆ ಒಳಪಡುವ ಗಿಡ್ಡ ನಳಿಗೆಯ ಬಂದೂಕೆಂದು ಸರ್ಕಾರ ವಾದಿಸಿದಾಗ, 1992ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಂಪನಿಯ ಪರ ತೀರ್ಪಿತ್ತಿತು.

ಭಾರೀ ಒದೆತಕ್ಕೆ ಸ್ಕೋಪು ಸಡಿಲಗೊಳ್ಳುವ ತೊಂದರೆಗೆ ಉತ್ತರವಾಗಿ 1987ರ ರೂಗರ್ ಸೂಪರ್ ರೆಡ್‌ಹಾಕ್‌ನಲ್ಲಿ ಸ್ಕೋಪಿನ ಬಳೆಗಳನ್ನು ನಳಿಗೆಯ ಬದಲು ಮುಂಚಾಚಿದ ಚೌಕಟ್ಟಿನ ಮೇಲೆಯೇ ಬಿಗಿಯಲಾಯಿತು. ಹಿಗ್ಗಿಸದೆ ಕೆಂಪು ಚುಕ್ಕೆಯೊಂದನ್ನೇ ಗುರಿಯ ಮೇಲೆ ತೋರುವ ಸಾಧನವನ್ನು ಸ್ವೀಡನ್ನಿನ ಏಮ್‌ಪಾಯಿಂಟ್ 1975ರಲ್ಲಿಯೇ ಹೊರತಂದಿತ್ತು; ಆ ಬಗೆಯ ಸಾಧನಗಳು ಗಾತ್ರದಲ್ಲಿ ಕುಗ್ಗುತ್ತ ಬಂದಂತೆ, ದಟ್ಟ ಕಾಡಿನಲ್ಲಿ ಹತ್ತಿರದಿಂದ ಬೇಟೆಯಾಡುವವರಿಗೆ ಗಿಡ್ಡ ನಳಿಗೆಯ ರಿವಾಲ್ವರೂ ಮತ್ತೆ ಯೋಗ್ಯವಾಯಿತು.